ತಡವಾದ ಅರ್ಜಿಗಳ ಪೆಟ್ಟಿಗೆ

ನಾನು ಕೆಲಸ ಮಾಡುವುದು ಕಲಾವಿದರಿಗೆ ಸಹಾಯಧನ ಕೊಡುವ ಒಂದು ಸಂಸ್ಥೆಯಲ್ಲಿ. ಸುತ್ತಲಿನ ಏಳು ಜಿಲ್ಲೆಗಳಿಂದ ಹಾಡುವವರು, ಕುಣಿಯುವವರು, ಚಿತ್ರ ಬರೆಯುವವರು, ನಾಟಕ ಆಡುವವರು ವರ್ಷಕ್ಕೊಮ್ಮೆ ಅರ್ಜಿ ಹಾಕುತ್ತಾರೆ. ಅರ್ಜಿ ತೆಗೆದುಕೊಳ್ಳುವುದು, ಲಕೋಟೆ ಒಡೆಯುವುದು, ತಾರೀಖಿನ ಮೊಹರು ಒತ್ತುವುದು, ಜಿಲ್ಲೆವಾರು ಜೋಡಿಸಿಡುವುದು ನನ್ನ ಕೆಲಸ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವವರು ಮಹಡಿಯ ಮೇಲೆ ಕೂರುತ್ತಾರೆ. ನಾನು ಕೆಳಗೆ, ಬಾಗಿಲ ಪಕ್ಕದಲ್ಲಿ, ಗಾಜಿನ ಕಿಟಕಿಯ ಹಿಂದೆ. ಕಿಟಕಿಯಲ್ಲಿ ಕೈ ತೂರುವಷ್ಟು ಕಂಡಿ ಇದೆ. ಎದುರಿನವರ ಮುಖ ನೋಡದೆ ಬರೀ ಕೈಗಳನ್ನು ನೋಡುತ್ತ ದಿನ ಕಳೆಯಬಹುದು. ನನ್ನಂಥವಳಿಗೆ ಹೇಳಿ ಮಾಡಿಸಿದ ಜಾಗ.

ಎಂಟನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಅಮ್ಮ ಇದೇ ಕಟ್ಟಡದಲ್ಲಿ ಹದಿನಾರು ವರ್ಷ ನೆಲ ಒರೆಸಿದಳು. ಅವಳ ಮೊಣಕಾಲು ಹಿಡಿದುಕೊಂಡಾಗ ಆಗಿನ ನಿರ್ದೇಶಕರ ಮುಂದೆ ನಿಂತು, ಅತ್ತು ಕರೆದು, ನನ್ನನ್ನು ಇಲ್ಲಿಗೆ ಸೇರಿಸಿದಳು. "ತಲೆ ತಗ್ಗಿಸ್ಕೊಂಡು ಕೆಲಸ ಮಾಡು. ಯಾರಿಗೂ ಎದುರು ಮಾತಾಡ್ಬೇಡ" ಎಂದಿದ್ದಳು. ಎದುರು ಮಾತು ಹಾಗಿರಲಿ, ನನಗೆ ಮಾತೇ ಹೊರಡುತ್ತಿರಲಿಲ್ಲ. ಹಿರಿಯ ಗುಮಾಸ್ತರು ಮೊದಲ ವಾರವೇ ನನಗೆ ಮಾತಿನಮಲ್ಲಿ ಎಂದು ಹೆಸರಿಟ್ಟರು. "ಏನಮ್ಮ ಮಾತಿನಮಲ್ಲಿ, ನಿನ್ನೆಯಿಂದ ಗಂಟಲು ನೋವಾ? ಅಷ್ಟೊಂದು ಮಾತಾಡ್ಬಾರ್ದು" ಎಂದು ಬೆಳಗ್ಗೆ ಬೆಳಗ್ಗೆ ಛೇಡಿಸುವರು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಈ ವರ್ಷ ಸಂಸ್ಥೆಗೆ ಇಪ್ಪತ್ತೈದು ತುಂಬಿತು. ಹೊಸದಾಗಿ ಬಂದಿದ್ದ ನಿರ್ದೇಶಕಿ ಮೇಡಂಗೆ ಬರೀ ಹಾರ ತುರಾಯಿಯ ಸಮಾರಂಭ ಇಷ್ಟವಿರಲಿಲ್ಲ. ಅವರು ಎರಡು ಕೆಲಸ ಹೇಳಿದರು. ಒಂದು, ಇಷ್ಟು ವರ್ಷ ನೆರವು ಪಡೆದವರೆಲ್ಲರ ಹೆಸರನ್ನು ಒಳಂಗಳದ ಉದ್ದ ಗೋಡೆಯ ಮೇಲೆ ಬರೆಸುವುದು. ಎರಡು, ಸಂಸ್ಥೆ ಯಾಕೆ ಇದೆ, ಇನ್ನು ಮುಂದೆ ಏನು ಮಾಡಬೇಕು ಎಂಬುದನ್ನು ಹೊಸದಾಗಿ ಬರೆದು ಆ ದಿನ ಎಲ್ಲರ ಮುಂದೆ ಓದುವುದು. ಅದಕ್ಕಾಗಿ ನಮ್ಮ ಆರೂ ಜನರನ್ನು ಉದ್ದ ಮೇಜಿನ ಸುತ್ತ ಕೂರಿಸಿದರು.

"ನಾವು ಏನು ತಪ್ಪು ಮಾಡಿದ್ದೀವಿ ಅಂತ ಮೊದಲು ಹೇಳಿ. ಹೊಗಳಿಕೆ ಆಮೇಲೆ" ಎಂದರು ಮೇಡಂ.

ಹಿರಿಯ ಗುಮಾಸ್ತರೇ ಮೊದಲು ಮಾತೆತ್ತಿದರು. "ತಪ್ಪು ಅಂತ ಅಲ್ಲ ಮೇಡಂ. ಆದ್ರೆ ಒಂದು ಮಾತ್ರ ಬದಲಾಯಿಸ್ಬೇಡಿ. ಕೊನೇ ದಿನ ಅಂದ್ರೆ ಕೊನೇ ದಿನ, ಐದು ಗಂಟೆ ಅಂದ್ರೆ ಐದು ಗಂಟೆ. ಮಂತ್ರಿ ಮಗ ಬಂದ್ರೂ ಅಷ್ಟೆ, ನನ್ನ ಸ್ವಂತ ತಮ್ಮ ಬಂದ್ರೂ ಅಷ್ಟೆ. ಬಂದಿದ್ದ ಕೂಡ, ವಾಪಸ್ ಕಳಿಸಿದೀನಿ. ಇವತ್ತಿಗೂ ಅವನ ಹೆಂಡತಿ ನನ್ನ ಮಾತಾಡಿಸಲ್ಲ."

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ತಡ ಆಯ್ತು ಅಂತ ಹೊರಗಿಟ್ಟ ಅರ್ಜಿಗಳು ಎಲ್ಲಿವೆ?"

"ಪೆಟ್ಟಿಗೇಲಿವೆ ಮೇಡಂ, ಸಾಮಾನಿನ ಕೋಣೇಲಿ. ಓದಿ ಕೂಡ ನೋಡಲ್ಲ ಅವನ್ನ. ಹಾಗೇ ಕಟ್ಟಿಡೋದು."

"ನಾನು ಓದ್ತೀನಿ. ತರಿಸಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದೆ. ಸಾಮಾನಿನ ಕೋಣೆಯ ಬೀಗ ತೆಗೆದೆ. ಯಾವ ಪೆಟ್ಟಿಗೆಯಲ್ಲಿ, ಎಷ್ಟನೆಯ ಅರ್ಜಿ, ಎಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು.

ಅದು ನಾಲ್ಕು ವರ್ಷದ ಹಿಂದಿನ ಮಾತು. ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಮೊಹರಿನಲ್ಲಿ ತಾರೀಖು ಬದಲಿಸಲು ಬೆರಳಲ್ಲಿ ತಿರುಗಿಸುವ ಸಣ್ಣ ರಬ್ಬರು ಪಟ್ಟಿಗಳಿರುತ್ತವೆ. ಮೊದಲ ವಾರದಲ್ಲಿ ಒಂದು ಬೆಳಗ್ಗೆ ಅದನ್ನು ತಿರುಗಿಸುವುದು ಮರೆತು ಅಂದಿನ ಟಪಾಲಿಗೆಲ್ಲ ಹಿಂದಿನ ದಿನದ ತಾರೀಖು ಒತ್ತಿಬಿಟ್ಟಿದ್ದೆ. "ಟಪಾಲೆಲ್ಲ ನಿನ್ನೇನೇ ಬಂದಿದೆ ಅಂದ್ಮೇಲೆ ಇವತ್ತು ನೀನ್ಯಾಕೆ ಬಂದೆ? ಮನೇಲೇ ಮಲಗ್ಬಹುದಿತ್ತು!" ಎಂದು ಗುಮಾಸ್ತರು ಹತ್ತು ಜನರ ಮುಂದೆ ಬೈದರು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕು ಎನ್ನಿಸಿತು. ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಸಂಜೆ ಹೊರಡುವ ಮುಂಚೆಯೇ ಪಟ್ಟಿ ತಿರುಗಿಸಿ ಮಾರನೆಯ ದಿನದ ತಾರೀಖು ಇಟ್ಟುಬಿಡುವುದು. ಬೆಳಗ್ಗೆ ಮರೆಯುವ ಭಯವೇ ಇಲ್ಲ. ಯಾರಿಗೂ ಇದನ್ನು ಹೇಳಿರಲಿಲ್ಲ. ಒಳಗೊಳಗೇ ಜಾಣತನ ಎಂದುಕೊಂಡಿದ್ದೆ.

ಅರ್ಜಿಯ ಕೊನೆಯ ದಿನ ನಾಲ್ಕು ಗಂಟೆಯವರೆಗೆ ಸಾಲು ರಸ್ತೆಯವರೆಗಿತ್ತು. ಆಮೇಲೆ ಒಮ್ಮೆಲೇ ಖಾಲಿಯಾಯಿತು. ನಾಲ್ಕೂವರೆಯಾದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಮುಗಿಯಿತು ಎಂದುಕೊಂಡು ಮೇಜು ಒರೆಸಿದೆ, ಬೆರಳಿನ ಮಸಿ ತೊಳೆದುಕೊಂಡೆ, ಮೊಹರು ತಿರುಗಿಸಿಟ್ಟೆ. ಐದಕ್ಕೆ ಕಾಲು ಗಂಟೆ ಇರುವಾಗ ಕಂಡಿಯಲ್ಲಿ ಎರಡು ಕೈ ಬಂದವು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ.

"ತಡ ಆಗಿಲ್ಲ ತಾನೇ, ಮಗಳೇ?"

ಇಲ್ಲ ಎಂದು ತಲೆ ಆಡಿಸಿದೆ. ಅರವತ್ತರ ಆಸುಪಾಸಿನ ಮನುಷ್ಯರು, ಏದುಸಿರು ಬಿಡುತ್ತಿದ್ದರು. ಗೋಡೆಯ ಗಡಿಯಾರ ನೋಡಿ ನಕ್ಕರು. "ನಾಲ್ಕೂ ಮುಕ್ಕಾಲು. ಗೆದ್ದೆ. ತಡ ಮಾಡಿದ್ರೆ ನಮ್ಮ ಹುಡುಗಿ ಮನೆಗೇ ಸೇರಿಸಲ್ಲ. ಮೂರು ವಾರ ಕೂತು ಅರ್ಜಿ ತಯಾರು ಮಾಡಿದಾಳೆ. ನಾನು ಅಕ್ಷರ ಮಾತ್ರ ಬರೆದೆ."

ಆ ಅಕ್ಷರಗಳು! ಅಂಗಡಿ ಬೋರ್ಡು ಬರೆಯುವವರಂತೆ ಅವರು. ಒಂದೊಂದು ಅಕ್ಷರಕ್ಕೂ ಅದರದೇ ಹೊಟ್ಟೆ, ಅದರದೇ ಬಾಲ, ಅದರದೇ ಠೀವಿ. ಊರೂರು ತಿರುಗಿ ಕೈಯಲ್ಲಿ ಬರೆದ ಹಳೆಯ ಬೋರ್ಡುಗಳನ್ನೆಲ್ಲ ನಕಲು ಮಾಡಿ ಒಂದು ಪುಸ್ತಕ ಮಾಡಬೇಕು, ಎಲ್ಲ ಕಡೆ ಅಚ್ಚಿನ ಪ್ಲಾಸ್ಟಿಕ್ ಹಾಳೆ ಬರುವ ಮುಂಚೆ ಮಾಡಬೇಕು ಎಂದು ಬರೆದಿದ್ದರು. ನಾನು ಅಕ್ಷರ ನೋಡುತ್ತ ಮೊಹರು ಒತ್ತಿದೆ. ಕೆಳಗಿನ ರಸೀದಿಯ ಚೀಟಿಗೂ ಒತ್ತಿ, ಹರಿದು ಕೊಟ್ಟೆ. ಅವರು ನೋಡದೆ ಮಡಿಸಿ ಜೇಬಿಗೆ ಹಾಕಿಕೊಂಡರು. "ನಿನಗೆ ಒಳ್ಳೇದಾಗ್ಲಿ" ಎಂದು ಹೋದರು.

ವಾರದ ನಂತರ ಅರ್ಜಿಗಳನ್ನು ವಿಂಗಡಿಸುವಾಗ ಗುಮಾಸ್ತರು ಒಂದೊಂದೇ ತಾರೀಖು ನೋಡಿ ನನ್ನ ಕೈಗೆ ಕೊಡುತ್ತಿದ್ದರು. "ಇದು ಸರಿ. ಇದು ಸರಿ. ಇದು ಒಂದು ದಿನ ತಡ, ಪೆಟ್ಟಿಗೆಗೆ." ನನ್ನ ಕೈಗೆ ಬಂದದ್ದು ಆ ಅಕ್ಷರಗಳು. ಅದರ ಮೇಲೆ ಮಾರನೆಯ ದಿನದ ತಾರೀಖು, ನನ್ನ ಕೈಯಿಂದಲೇ. ಬಾಯಿ ತೆರೆದೆ. ಗುಮಾಸ್ತರು "ಏನು?" ಎಂದರು. ಹತ್ತು ಜನರ ಮುಂದೆ ಬೈಸಿಕೊಂಡದ್ದು ಕಿವಿಯಲ್ಲಿ ಗುಂಯ್‌ಗುಟ್ಟಿತು. "ಏನಿಲ್ಲ ಸಾರ್" ಎಂದೆ. ಅರ್ಜಿಯನ್ನು ಪೆಟ್ಟಿಗೆಗೆ ಹಾಕಿದೆ.

ಅಷ್ಟಕ್ಕೇ ನಿಂತಿದ್ದರೆ ಹುಡುಗು ಭಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಎರಡು ತಿಂಗಳ ಮೇಲೆ ಅವರಿಂದ ಕಾಗದ ಬಂತು. ಲಕೋಟೆ ಒಡೆಯುವವಳೂ ನಾನೇ. "ನಾನು ಕೊನೆಯ ದಿನವೇ ಬಂದು ಕೊಟ್ಟ ನೆನಪು. ಕಿಟಕಿಯಲ್ಲಿ ಒಂದು ಹೆಣ್ಣುಮಗು ಇತ್ತು. ಚೀಟಿಯಲ್ಲಿ ಬೇರೆ ತಾರೀಖಿದೆ. ತಪ್ಪು ನನ್ನದೋ ನಿಮ್ಮದೋ ದಯವಿಟ್ಟು ನೋಡಿ ಹೇಳಿ" ಎಂದು ಬರೆದಿದ್ದರು. ಜಗಳವಿಲ್ಲ, ದೂರಿಲ್ಲ, ಬರೀ ಪ್ರಶ್ನೆ. ತಡವಾದವರಿಗೆ ಕಳಿಸಲು ನಮ್ಮಲ್ಲಿ ಅಚ್ಚು ಹಾಕಿಸಿಟ್ಟ ಉತ್ತರ ಇರುತ್ತದೆ: ನಿಮ್ಮ ಅರ್ಜಿ ಗಡುವಿನ ನಂತರ ತಲುಪಿದೆ, ನಿಯಮ ಸಡಿಲಿಸಲಾಗದು. ಅದನ್ನು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಒಂದು ಹಾಳೆ ಎಳೆದೆ, ಮಡಿಸಿದೆ, ಅಂಟು ಹಚ್ಚಿದೆ, ವಿಳಾಸ ಬರೆದೆ. ಅವರ ಕಾಗದವನ್ನು ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಹಾಳೆಯ ಅಡಿಗಿಟ್ಟೆ. ಹರಿದು ಹಾಕಲು ಧೈರ್ಯ ಬರಲಿಲ್ಲ. ಹೇಳಲೂ ಬರಲಿಲ್ಲ.

ಈಗ ಪೆಟ್ಟಿಗೆಗಳನ್ನು ಒಳಂಗಳಕ್ಕೆ ತಂದು ಇಳಿಸಿದೆ. ಅಲ್ಲಿ ನಿಲ್ಲಲು ಹಲಗೆ ಕಟ್ಟಿಕೊಂಡು ಗೋಡೆಗೆ ಹೆಸರು ಬರೆಯುವ ಕೆಲಸ ಆಗಲೇ ಶುರುವಾಗಿತ್ತು. ಬರೆಯುತ್ತಿದ್ದವಳು ಮೂವತ್ತರ ಹೆಂಗಸು. ಸೀಮೆಸುಣ್ಣ ಹಚ್ಚಿದ ದಾರವನ್ನು ಗೋಡೆಗೆ ಬಡಿದು ಗೆರೆ ಮೂಡಿಸಿ, ಎಡಗೈಯಲ್ಲಿ ಆಸರೆಯ ಕೋಲನ್ನು ಗೋಡೆಗೆ ಒತ್ತಿ ಅದರ ಮೇಲೆ ಬಲಗೈ ಇಟ್ಟು, ಉಸಿರು ಹಿಡಿದು ಬರೆಯುತ್ತಿದ್ದಳು. ದಿನಕ್ಕೆ ಐವತ್ತು ಹೆಸರು. ಮಾತೂ ಜೋರು. "ಈ ಬೀಸುಗಾಳಿಗೆ ನಿಮ್ಮ ಕಲಾವಿದರೆಲ್ಲ ಧೂಳು ಹಿಡಿಸ್ಕೊಳ್ತಾರೆ ನೋಡು. ಆ ಬಾಗಿಲು ಹಾಕೇ ತಾಯಿ" ಎಂದು ನನ್ನನ್ನು ಓಡಾಡಿಸುವಳು. ಎರಡೇ ದಿನದಲ್ಲಿ ನನಗೆ ಅವಳೆಂದರೆ ಇಷ್ಟವಾಗಿತ್ತು.

ಮೇಡಂ ಅಲ್ಲೇ ಕುರ್ಚಿ ಹಾಕಿಕೊಂಡು ಪೆಟ್ಟಿಗೆ ತೆರೆದರು. ಅರ್ಧ ಗಂಟೆಯಲ್ಲಿ ಅದು ಅವರ ಕೈಗೆ ಸಿಕ್ಕಿತು. "ಅಬ್ಬಾ! ಈ ಬರವಣಿಗೆ ನೋಡಿ. ಒಂದೇ ಒಂದು ದಿನ ತಡ ಅಂತ ಇದನ್ನ ಓದ್ದೇ ಕಟ್ಟಿಟ್ಟಿದ್ದಾರೆ!" ಎಂದು ಹಲಗೆಯ ಮೇಲಿದ್ದವಳನ್ನು ಕರೆದರು. "ನಿಮ್ಮ ಕಸುಬಿನವರೇ ಅಂತ ಕಾಣುತ್ತೆ. ಬನ್ನಿ ಇಲ್ಲಿ."

ಅವಳು ಕುಂಚ ಒರೆಸಿಕೊಂಡು ಇಳಿದು ಬಂದಳು. ಕಾಗದ ನೋಡಿದಳು. ಮುಖದ ನಗೆ ಆರಿತು.

"ಇದು ನಮ್ಮಪ್ಪನ ಕೈ" ಎಂದಳು.

ನಾನು ಎರಡು ಮಾರು ದೂರದಲ್ಲಿ ಖಾಲಿ ಪೆಟ್ಟಿಗೆ ಹಿಡಿದು ನಿಂತಿದ್ದೆ.

"ಮೂರು ವಾರ ಕೂತು ನಾನೇ ತಯಾರು ಮಾಡಿದ್ದು ಮೇಡಂ. ಬೆಳಗ್ಗೆ ಕೊಟ್ಟು ಕಳಿಸ್ದೆ, ಇವತ್ತೇ ಕೊನೇ ದಿನ ಅಂತ ಹತ್ತು ಸಲ ಹೇಳಿ. ಅವರು ಯಾರ ಜೊತೆ ಹರಟೆ ಕೂತ್ರೋ ಏನೋ, ಮಾರನೇ ದಿನ ಕೊಟ್ಟು ಬಂದಿದ್ದಾರೆ. ಆಮೇಲೆ ಬಟ್ಟೆ ಒಗೆಯೋವಾಗ ಜೇಬಲ್ಲಿ ಚೀಟಿ ಸಿಕ್ತು ನನಗೆ. ಕೇಳಿದ್ರೆ, ಇಲ್ಲ, ನಾನು ಅವತ್ತೇ ಕೊಟ್ಟೆ ಅಂತ ಸಾಧಿಸಿದ್ರು. ಮುಖಕ್ಕೆ ಹಿಡಿದೆ ಚೀಟೀನ." ಅವಳು ಕಾಗದವನ್ನು ಮೇಡಂ ಕೈಗೆ ವಾಪಸ್ ಕೊಟ್ಟಳು. "ಆಮೇಲೆ ನಿಮ್ಮ ಆಫೀಸಿನಿಂದ ಉತ್ತರ ಬಂತು. ಅವತ್ತಿಂದ ಸಾಧಿಸೋದು ನಿಲ್ಲಿಸಿದ್ರು. ನನಗೇ ಮರೆವು ಹಿಡಿದಿದೆ ಅಂದ್ರು. ಈಗ ಒಬ್ರೇ ಎಲ್ಲಿಗೂ ಹೋಗಲ್ಲ. ನಾನೂ ಕಳಿಸಲ್ಲ."

ಮೇಡಂ ಕಣ್ಣು ಒದ್ದೆಯಾಗಿತ್ತು. ಸಮಾರಂಭದ ಭಾಷಣದಲ್ಲಿ ಇದನ್ನೇ ಹೇಳುತ್ತೇನೆ ಎಂದರು. ಒಂದು ದಿನ ತಡ ಮಾಡಿದ ಒಬ್ಬ ಕುಶಲಕರ್ಮಿಗೆ ನಾವು ಬಾಗಿಲು ಮುಚ್ಚಿದೆವು, ಇನ್ನು ಮುಂದೆ ತಡವಾಗಿ ಬಂದವರನ್ನೂ ಕರುಣೆಯಿಂದ ನೋಡುತ್ತೇವೆ, ಇದೇ ನಮ್ಮ ಹೊಸ ಗುರಿ ಎನ್ನುತ್ತೇನೆ, ನಿಮ್ಮ ತಂದೆಯನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ ಎಂದರು. ಮೂರೇ ದಿನ ಉಳಿದಿತ್ತು.

ಮನೆಗೆ ಹೋಗಿ ಊಟಕ್ಕೆ ಕೂತಾಗ ಮೊದಲ ಸಲ ಅಮ್ಮನ ಮುಂದೆ ಎಲ್ಲ ಹೇಳಿದೆ. ಅಮ್ಮ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೇಳಿದಳು.

"ಅವರೇ ಕರೆದು ಸನ್ಮಾನ ಮಾಡ್ತಿದ್ದಾರಲ್ಲ, ಇನ್ನೇನು? ನೀನ್ಯಾಕೆ ನಡುವೆ ಹೋಗ್ತೀಯ? ಕೆಲಸ ಹೋದ್ರೆ ಇನ್ನೊಂದು ಎಲ್ಲಿದೆ ನಿನಗೆ?"

"ತಡ ಮಾಡಿದವರು ಅಂತ ಅವರನ್ನ ಕೂರಿಸ್ತಾರಮ್ಮ. ಅವರು ತಡ ಮಾಡ್ಲೇ ಇಲ್ಲ."

"ಅವರೇ ಒಪ್ಕೊಂಡಿದ್ದಾರೆ ಅಂದ್ಯಲ್ಲ."

"ನಾನು ಒಪ್ಪಿಸಿದ್ದು" ಎಂದೆ. ಅಮ್ಮ ಎಣ್ಣೆ ಬಾಟಲಿಯ ಮುಚ್ಚಳ ಹಾಕಿ ಎದ್ದು ಹೋದಳು.

ಮರುದಿನ ಇಡೀ ದಿನ ಹೇಳಲು ಹೋಗಿ ಹೋಗಿ ವಾಪಸ್ ಬಂದೆ. ನೀರು ಕೊಡುವ ನೆಪ, ಬಾಗಿಲು ಹಾಕುವ ನೆಪ. ಅದರ ಮರುದಿನ, ಸಮಾರಂಭಕ್ಕೆ ಒಂದೇ ದಿನ ಇರುವಾಗ, ಮಧ್ಯಾಹ್ನ ಅವಳು ಕೊನೆಯ ಸಾಲು ಬರೆಯುತ್ತಿದ್ದಳು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ಹಲಗೆಯ ಕೆಳಗೆ ನಿಂತು, ಅವಳ ಮುಖ ಕಾಣದ ಹಾಗೆ ಅವಳ ಪಾದ ನೋಡುತ್ತ ಹೇಳಿದೆ.

"ಅಕ್ಕಾ, ನಿಮ್ಮ ಅಪ್ಪ ತಡ ಮಾಡ್ಲಿಲ್ಲ. ಕೊನೇ ದಿನಾನೇ ಬಂದಿದ್ರು. ನಾಲ್ಕೂ ಮುಕ್ಕಾಲಿಗೆ. ನಾನು ಮೊಹರನ್ನ ಮೊದಲೇ ಮಾರನೇ ದಿನಕ್ಕೆ ತಿರುಗಿಸಿಟ್ಟಿದ್ದೆ. ನಾನೇ ಒತ್ತಿದ್ದು."

ಕುಂಚ ಗೋಡೆಯ ಮೇಲೆ ಸರಿಯುವುದು ಕೇಳುತ್ತಿತ್ತು. ಬಣ್ಣದ ಅಕ್ಷರವನ್ನು ಅರ್ಧಕ್ಕೆ ಬಿಟ್ಟರೆ ಗುರುತು ನಿಲ್ಲುತ್ತದೆ ಎಂದು ಅವಳೇ ಹೇಳಿದ್ದಳು. ಅವಳು ಅಕ್ಷರ ಮುಗಿಸಿದಳು. ಇಳಿದಳು. ಡಬ್ಬಿಗೆ ಮುಚ್ಚಳ ಹಾಕಿದಳು.

"ನಿನಗೆ ಇದು ಯಾವಾಗ ಗೊತ್ತಾಯ್ತು?"

"ಒಂದು ವಾರಕ್ಕೇ."

"ನಾಲ್ಕು ವರ್ಷ?"

ನಾನು ತಲೆ ತಗ್ಗಿಸಿದೆ.

"ಮೇಡಂಗೆ ಹೇಳಿದ್ಯಾ?"

"ಇಲ್ಲ."

"ಸರಿ. ಮೊದಲು ನಮ್ಮಪ್ಪನಿಗೆ ಹೇಳು. ಚಪ್ಪಲಿ ಹಾಕ್ಕೋ, ನಡಿ."

ಎರಡು ಬಸ್ಸು. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಂಗಡಿಗಳ ನೆತ್ತಿಯ ಮೇಲೆಲ್ಲ ಒಂದೇ ಥರದ ಅಚ್ಚಿನ ಹಾಳೆ. ಒಂದು ತಿರುವಿನಲ್ಲಿ ಮಾತ್ರ, "ಇಲ್ಲಿ ಹದಿನೆಂಟು ಬೋರ್ಡಿದ್ವು, ಅಪ್ಪನ ಗುರುಗಳು ಬರೆದದ್ದು. ಎರಡು ವರ್ಷದ ಹಿಂದೆ ಕಿತ್ತು ಗುಜರಿಗೆ ಹಾಕಿದ್ರು" ಎಂದಳು. ನನ್ನನ್ನು ನೋಡಿ ಹೇಳಲಿಲ್ಲ.

ಅವರ ಮನೆ ಒಂದು ಕೋಣೆ, ಒಂದು ಅಡಿಗೆಮನೆ. ಮಂಚದ ಎದುರಿನ ಗೋಡೆಗೆ ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ವಾರ, ತಾರೀಖು. ಕೆಳಗೆ: ಮಾತ್ರೆ ನುಂಗಿದೆ. ಒಲೆ ಆರಿಸಿದೆ. ಮಗಳು ಬರುವುದು ಆರಕ್ಕೆ. ಎಲ್ಲ ಅದೇ ಹೊಟ್ಟೆ, ಅದೇ ಬಾಲ, ಅದೇ ಠೀವಿಯ ಅಕ್ಷರಗಳಲ್ಲಿ. ನಾನು ಹಲಗೆ ನೋಡುತ್ತಿದ್ದುದನ್ನು ನೋಡಿ ಅವರು ಸಂಕೋಚದಿಂದ ನಕ್ಕರು. "ತಲೆ ನೆಚ್ಕೊಳ್ಳೋಕೆ ಆಗಲ್ಲಮ್ಮ ನನಗೆ. ಬರೆದಿಟ್ಕೊಂಡ್ರೆ ಕ್ಷೇಮ. ಕೂತ್ಕೋ. ಯಾರು ಈ ಹುಡುಗಿ? ಇಷ್ಟು ಬೇಗ ಬಂದೆ ಯಾಕೆ, ಆರಕ್ಕಲ್ವಾ ನೀನು ಬರೋದು? ನಾನೇ ತಪ್ಪು ಬರೆದ್ನಾ?"

"ಇಲ್ಲಪ್ಪ, ನಾನೇ ಬೇಗ ಬಂದೆ. ಇವಳು ಏನೋ ಹೇಳ್ಬೇಕಂತೆ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಈ ಸಲ ಅವರ ಮುಖ ನೋಡಿ ಹೇಳಿದೆ. ಮುಗಿದ ಮೇಲೆ, "ಗಡಿಯಾರ ನೋಡಿದ ನೆನಪಿತ್ತು ನನಗೆ" ಎಂದರು ಅವರು, ಯಾರಿಗೋ ಹೇಳುವ ಹಾಗೆ. "ನಾಲ್ಕೂ ಮುಕ್ಕಾಲು. ಗೆದ್ದೆ ಅಂದಿದ್ದೆ. ಅಂದಿದ್ನಾ?"

"ಅಂದಿದ್ರಿ."

"ನೋಡು" ಎಂದು ಮಗಳ ಕಡೆ ತಿರುಗಿದರು. ಅವಳು ಗೋಡೆಗೆ ಒರಗಿ ನಿಂತಿದ್ದಳು.

"ನಾನು ಚೀಟಿ ನಂಬಿದೆ, ಅಪ್ಪ" ಎಂದಳು. "ನಿಮ್ಮನ್ನ ನಂಬಲಿಲ್ಲ."

"ಚೀಟಿ ಎದುರಿಗೆ ಯಾರು ತಾನೇ ನಿಲ್ತಾರೆ? ನಾನೇ ನಿಲ್ಲಲಿಲ್ಲ." ಆಮೇಲೆ ನನ್ನನ್ನು ಕೇಳಿದರು. "ಆಮೇಲೆ ಒಂದು ಕಾಗದ ಬರೆದಿದ್ದೆ ನಾನು, ಮಗು. ಅದು ನಿನ್ನ ಕೈಗೆ ಸಿಗ್ಲೇ ಇಲ್ವಾ? ಬೇರೆ ಯಾರೋ ನೋಡಿ ಉತ್ತರ ಹಾಕಿರ್ಬೇಕು, ಅಲ್ವಾ?"

ಅವರು ನನಗೆ ಬಾಗಿಲು ತೆರೆದು ಕೊಟ್ಟಿದ್ದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳೂ ನಂಬುತ್ತಿದ್ದಳು. ಕೈತಪ್ಪಿದ ಒಂದು ಮೊಹರು, ಹೆದರಿದ ಒಂದು ಹುಡುಗಿ, ಅಷ್ಟೇ ಉಳಿಯುತ್ತಿತ್ತು. ಹೌದು ಎಂಬುದು ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಸಿಕ್ಕಿತ್ತು" ಎಂದೆ. "ನಾನೇ ಓದಿದೆ. ಉತ್ತರ ಹಾಕಿದ್ದೂ ನಾನೇ. ನಿಮ್ಮದೇ ತಪ್ಪು ಅಂತ."

ಅವರು ನನ್ನನ್ನೇ ನೋಡಿದರು. ಸಿಟ್ಟು ಬರುತ್ತದೆ ಎಂದು ಕಾದೆ. ಸಿಟ್ಟಿಗಿಂತ ಹೆಚ್ಚಾಗಿ ಅವರ ಮುಖದಲ್ಲಿ ಕಂಡದ್ದು ಆಯಾಸ, ಎಲ್ಲಿಂದಲೋ ಬಹಳ ದೂರ ನಡೆದು ಬಂದವರದು.

ಮಗಳು ಬಾಗಿಲ ಹತ್ತಿರ ಹೋಗಿ ಅದನ್ನು ಪೂರ್ತಿ ತೆರೆದಳು. "ನೀನಿನ್ನು ಹೋಗು" ಎಂದಳು.

ಸಮಾರಂಭದ ದಿನ ಬೆಳಗ್ಗೆ ಎಂಟಕ್ಕೇ ಮೇಡಂ ಕೋಣೆಯ ಮುಂದೆ ನಿಂತೆ. ಗುಮಾಸ್ತರೂ ಒಳಗಿದ್ದರು. ಎಲ್ಲ ಕೇಳಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇವತ್ತಾ ಹೇಳೋದು? ಭಾಷಣ ಅಚ್ಚಾಗಿ ಬಂದಿದೆಯಲ್ಲೇ!" ಎಂದರು. ಹೇಳಿದ ಮರುಕ್ಷಣ ಅವರಿಗೇ ನಾಚಿಕೆಯಾಯಿತು, ಹಣೆ ಉಜ್ಜಿಕೊಂಡರು.

ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು. "ಮೊಹರು ಹಿಂದಿನ ಸಂಜೇನೇ ತಿರುಗಿಸೋದು... ಅವತ್ತು ನಾನು ಬೈದೆ ಅಂತ ಶುರು ಮಾಡಿದ್ದಾ?"

"ಹೌದು ಸಾರ್. ಆದ್ರೆ ಸುಮ್ಮನಿದ್ದದ್ದು ನಾನು."

ಅವರು ಎದ್ದು ಹೊರಗೆ ಹೋದರು. ಆ ದಿನದಿಂದ ಅವರು ನನ್ನನ್ನು ಮಾತಿನಮಲ್ಲಿ ಎಂದು ಕರೆದಿಲ್ಲ. ಕರೆದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

"ನಿನ್ನ ವಿಷಯ ಸೋಮವಾರ ನೋಡ್ತೀನಿ. ಇವತ್ತು ಕೆಲಸ ಮಾಡು" ಎಂದರು ಮೇಡಂ. ಅಚ್ಚಾದ ಹಾಳೆಯ ಮೇಲೆ ಗೆರೆ ಎಳೆಯಲು ಶುರು ಮಾಡಿದರು.

ಸಮಾರಂಭ ನಾಲ್ಕಕ್ಕೆ. ಮೂರು ಗಂಟೆಗೆ ನಾನು ಅಂಗಳದಲ್ಲಿ ಕುರ್ಚಿ ಸಾಲು ಮಾಡುತ್ತಿದ್ದಾಗ ಗೇಟಿನಲ್ಲಿ ಅವಳ ಅಪ್ಪ ಕಂಡರು. ಒಬ್ಬರೇ. ಇಸ್ತ್ರಿ ಮಾಡಿದ ಅಂಗಿ, ಬೆವರಿದ ಮುಖ. ನಾನು ಹತ್ತಿರ ಹೋದೆ.

"ನಿನ್ನ ಹತ್ತಿರ ಮಾತಾಡೋಕೆ ಇವತ್ತು ನನಗೆ ಆಗಲ್ಲ" ಎಂದರು. ಒರಟಾಗಿ ಅಲ್ಲ. "ಕೂರೋ ಜಾಗ ತೋರಿಸು."

ಮುಂದಿನ ಸಾಲು ತೋರಿಸಿದೆ. ಅವರು ಮಧ್ಯದ ಸಾಲಿನ ಅಂಚಿನಲ್ಲಿ ಕೂತು ಗೋಡೆಯನ್ನು ಓದತೊಡಗಿದರು. ಹತ್ತು ನಿಮಿಷದಲ್ಲಿ ಮಗಳು ಓಡಿ ಬಂದಳು, ಕೂದಲು ಕೆದರಿ, ಒಂದು ಕಾಲಿಗೆ ಒಂದು ಥರ ಚಪ್ಪಲಿ.

"ಅಪ್ಪಾ! ಮನೆಯೆಲ್ಲ ಹುಡುಕಿದೆ, ಬೀದಿಯೆಲ್ಲ ಹುಡುಕಿದೆ! ಹೇಳಿ ಹೋಗೋಕೆ ಆಗಲ್ವಾ?"

"ಹಲಗೆ ಮೇಲೆ ಬರೆದಿದ್ದೆನಲ್ಲ."

"ಹಲಗೆ ಯಾರು ನೋಡ್ತಾರೆ!"

"ಅದಕ್ಕೇ ಅಳಿಸಿಬಿಡೋಣ ಅಂತಿದೀನಿ" ಎಂದರು. ನಂತರ ಗೋಡೆಯ ಕಡೆ ಗದ್ದ ಎತ್ತಿ, "ಕೊನೇ ಸಾಲು ಕೈ ನಡುಗಿದೆ ನಿನಗೆ" ಎಂದರು. ಅವಳು ನನ್ನ ಕಡೆ ಒಂದು ಸಲ ನೋಡಿ, ಅವರ ಪಕ್ಕ ಕೂತಳು.

ಮೇಡಂ ತಿದ್ದಿದ ಹಾಳೆ ಹಿಡಿದು ಓದಿದರು. ಕರುಣೆ ಎಂಬ ಮಾತು ಹೋಗಿತ್ತು. "ಇಪ್ಪತ್ತೈದು ವರ್ಷ ನಾವು ಕಿಟಕಿಯ ಹಿಂದೆ ಕೂತು ಬಂದವರ ಕಾಗದ ನೋಡಿದೆವು. ಸಮಯಕ್ಕೆ ಸರಿಯಾಗಿ ಬಂದ ಒಬ್ಬರನ್ನು ತಡವಾದಿರಿ ಎಂದು ತಿರುಗಿಸಿದ್ದೇವೆ. ಅವರು ಕೇಳಿದಾಗಲೂ ಹುಡುಕಿ ನೋಡಲಿಲ್ಲ. ಇನ್ನು ಮುಂದೆ ನಮ್ಮಿಂದ ಹೊರಗುಳಿದವರನ್ನು ನಾವೇ ಹುಡುಕಿಕೊಂಡು ಹೋಗಬೇಕು. ಇದನ್ನು ನಮ್ಮ ಮೊದಲ ಗುರಿಯಾಗಿ ಬರೆದುಕೊಂಡಿದ್ದೇವೆ" ಎಂದರು. ನನ್ನ ಹೆಸರು ಹೇಳಲಿಲ್ಲ. ನಾವು, ನಮ್ಮ ಕಚೇರಿ, ನಮ್ಮ ತಪ್ಪು. ಆ "ನಾವು" ಎಂಬುದರ ಹಿಂದೆ ನಾನು ಬೆಚ್ಚಗೆ ಅಡಗಿ ನಿಂತಿದ್ದೆ. ಅದಕ್ಕೂ ನಾಚಿಕೆಯಾಗುತ್ತಿತ್ತು.

ಮುಗಿದ ಮೇಲೆ ಮೇಡಂ ಆ ತಂದೆಯ ಹತ್ತಿರ ಬಂದು, ಗೋಡೆಯಲ್ಲಿ ಆ ವರ್ಷದ ಸಾಲಿಗೆ ನಿಮ್ಮ ಹೆಸರೂ ಸೇರಿಸುತ್ತೇವೆ ಎಂದರು.

"ಬೇಡಮ್ಮ. ಸಿಗದೇ ಇದ್ದದ್ದನ್ನ ಸಿಕ್ತು ಅಂತ ನನ್ನ ಮಗಳ ಕೈಲಿ ಬರೆಸ್ಬೇಡಿ."

"ಹಾಗಾದ್ರೆ ಆ ಪುಸ್ತಕ ಈಗ ಮಾಡಿ. ಈ ವರ್ಷವೇ ಕೊಡಿಸ್ತೀನಿ."

"ಯಾವುದನ್ನ ನೋಡಿ ನಕಲು ಮಾಡ್ಲಿ? ಎಲ್ಲ ಕಿತ್ತು ಹಾಕಿದ್ದಾರಲ್ಲ" ಎಂದರು ಅವರು. "ಬೇರೆ ಏನಾದ್ರೂ ಹೊಳೆದ್ರೆ ಬರೀತೀನಿ. ಹೊಳೆಯುತ್ತೆ, ತಲೆ ಸರಿ ಇದೆಯಂತೆ ನನಗೆ" ಎಂದು ಎದ್ದು ನಿಂತರು.

ಮಗಳಿಗೆ ಗೋಡೆಗೆ ಕಟ್ಟಿದ್ದ ಹಲಗೆ ಬಿಚ್ಚುವ, ಡಬ್ಬಿ ಕಟ್ಟುವ ಕೆಲಸ ಇತ್ತು. ಅವರು ತಾವು ಬಸ್ಸಿಗೆ ಹೋಗುವುದಾಗಿ ಹೇಳಿದರು. ಅವಳು "ಇರಿ, ಅರ್ಧ ಗಂಟೆ" ಎಂದಳು. "ದಾರಿ ಗೊತ್ತು" ಎಂದರು. ಅವಳು ಗೇಟಿನವರೆಗೆ ಹೋಗಿ ನಿಂತಳು. ಬಸ್ಸು ಬಂತು, ಅವರು ಹತ್ತಿದರು, ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ನಾನು ಕುರ್ಚಿ ಮಡಿಸುವುದನ್ನು ಬಿಟ್ಟು ಸ್ವಲ್ಪ ದೂರದಲ್ಲಿ ನಿಂತೆ.

"ಅಪ್ಪನಿಗೆ ಏನೂ ಆಗಿಲ್ಲ ಅಂತ ಗೊತ್ತು ನನಗೆ" ಎಂದಳು, ರಸ್ತೆ ನೋಡುತ್ತಲೇ. "ಎರಡನೇ ಬಸ್ಸು ಎಲ್ಲಿ ಹಿಡೀಬೇಕು ಅಂತ ಗೊತ್ತು ಅವರಿಗೆ. ನಲವತ್ತು ವರ್ಷ ಈ ಊರೆಲ್ಲ ಏಣಿ ಹೊತ್ಕೊಂಡು ತಿರುಗಿದವರು. ಆದ್ರೂ ನೋಡು, ನನ್ನ ಕೈ ಹೇಗೆ ನಡುಗ್ತಿದೆ. ನಾಲ್ಕು ವರ್ಷದ ರೂಢಿ. ಇದು ಹೋಗಲ್ಲ ಈಗ. ಇದೂ ನೀನು ಕೊಟ್ಟಿದ್ದೇ."

"ಹೌದಕ್ಕ" ಎಂದೆ. ಬೇರೆ ಹೇಳುವುದೇನಿತ್ತು?

"ಮನೆ ಮುಟ್ಟಿ ಫೋನ್ ಮಾಡ್ತಾರೆ. ಅಲ್ಲಿವರೆಗೂ ನೀನೂ ಇಲ್ಲೇ ನಿಲ್ಲು."

ನಿಂತೆ. ಬೀದಿಯಲ್ಲಿ ಬಸ್ಸುಗಳು ಬಂದವು, ಹೋದವು. ಫೋನು ಅವಳ ಮಡಿಲಲ್ಲಿತ್ತು. ಒಂದು ಸಲ ರಿಂಗಾಯಿತು, ಯಾರೋ ಬಣ್ಣದಂಗಡಿಯವರು. ಅವಳು ಕತ್ತರಿಸಿ ಮತ್ತೆ ಮಡಿಲಲ್ಲಿಟ್ಟಳು. ಮುಕ್ಕಾಲು ಗಂಟೆಯಾಯಿತು, ಒಂದು ಗಂಟೆಯಾಯಿತು. ಅವಳ ತುಟಿ ಒಣಗುವುದನ್ನು ನೋಡುತ್ತ ನಿಂತಿದ್ದೆ. ಕೂರು ಎಂದು ಅವಳು ಹೇಳಲಿಲ್ಲ, ನಾನು ಕೂರಲಿಲ್ಲ.

ಮತ್ತೆ ಫೋನು ಬಂತು.

"ಹಾಂ ಅಪ್ಪ" ಎಂದಳು. "ಹೂಂ. ಹೂಂ. ಇಲ್ಲಪ್ಪ, ಏನೂ ಗಾಬರಿ ಆಗಿರ್ಲಿಲ್ಲ. ಸುಮ್ನೆ ಇದ್ದೆ."

ಫೋನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ನನ್ನನ್ನು ನೋಡದೆ ಎದ್ದು ಕುಂಚ ತೊಳೆಯಲು ಒಳಗೆ ಹೋದಳು.